ಚೀಟಪ್ಪನವರ ತಿಗಣೆ ಸೇವೆ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆಯ ಟೈರು ಪೇರಿಸಿದ ಶೆಡ್ಡಿಗೂ ಡ್ರೈವರುಗಳ ವಿಶ್ರಾಂತಿ ಕೊಠಡಿಗೂ ನಡುವೆ, ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಫಲಕ ಹೊತ್ತ ಒಂದು ಕೋಣೆಯಿದೆ. ಫಲಕದ ಒಂದು ಅಕ್ಷರ ಎಂದೋ ಉದುರಿ ಕಳೆದುಹೋಗಿದೆ. ಅದನ್ನು ಯಾರೂ ತಂದು ವಿಭಾಗಕ್ಕೆ ಒಪ್ಪಿಸಿಲ್ಲವಾದ್ದರಿಂದ ಅದರ ಬಗ್ಗೆ ಕ್ರಮ ಕೈಗೊಳ್ಳಲು ಬರುವುದಿಲ್ಲ ಎಂದು ಅಲ್ಲಿಯ ಏಕೈಕ ಗುಮಾಸ್ತರು ಹೇಳುತ್ತಾರೆ.

ಈ ಗುಮಾಸ್ತರೇ ನಮ್ಮ ಕಥಾನಾಯಕರು. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿದೆ, ಬೇರೆಲ್ಲೂ ಬಳಕೆಯಲ್ಲಿಲ್ಲ. ಬಸ್ಸಿನಲ್ಲಿ ಜನ ಮರೆತು ಹೋದ ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ತಂತಿಯಿಲ್ಲದ ಗಿಟಾರು, ಏನೇ ಬರಲಿ, ಅದಕ್ಕೆ ನಂಬರು, ತಾರೀಖು, ಸ್ಥಿತಿಗತಿ ಬರೆದ ಚೀಟಿ ಕಟ್ಟುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಚೀಟಿ ಕಟ್ಟಿ ಕಟ್ಟಿ ಕೈ ಹೇಗೆ ಪಳಗಿದೆಯೆಂದರೆ, ಮನೆಯ ಉಪ್ಪಿನ ಡಬ್ಬಿಗೂ ‘ಉಪ್ಪು. ಮುಕ್ಕಾಲು ಡಬ್ಬಿ. ಪರಿಶೀಲಿಸಲಾಗಿದೆ’ ಎಂದು ಬರೆದು ಅಂಟಿಸಿದ್ದಾರೆ. ಡಿಪೋದವರೆಲ್ಲ ಅವರನ್ನು ಚೀಟಪ್ಪ ಎನ್ನುತ್ತಾರೆ. ಕೋಪ ಬಂದಾಗ ಅವರ ಹೆಂಡತಿಯೂ ಹಾಗೇ ಎನ್ನುತ್ತಾರೆ.

ಒಂದು ದಿನ ದೂರದ ಮಾರ್ಗದ ಬಸ್ಸಿನಿಂದ ಹಗ್ಗ ಬಿಗಿದ ಒಂದು ಹಾಸಿಗೆ ಬಂತು. ಹಾಸಿಗೆಯನ್ನೇ ಮರೆತು ಇಳಿಯುವ ಮನುಷ್ಯ ಎಂಥವನಿರಬೇಕು ಎಂದು ಡಿಪೋದಲ್ಲಿ ಎರಡು ದಿನ ಚರ್ಚೆ ನಡೆಯಿತು. ಚೀಟಪ್ಪ ಅದಕ್ಕೆ ನಾನೂರ ಹದಿನೇಳು ಎಂದು ನಂಬರು ಕೊಟ್ಟರು. ‘ಸ್ಥಿತಿ’ ಎಂಬ ಜಾಗದಲ್ಲಿ ಏನು ಬರೆಯುವುದೆಂದು ತಿಳಿಯದೆ ಮಧ್ಯಾಹ್ನ ಎರಡರಿಂದ ಮೂರರ ತನಕ ಅದರ ಮೇಲೆ ಮಲಗಿ ನೋಡಿದರು. ಒಂದೇ ದಿನದ ಪರಿಶೀಲನೆಯಿಂದ ಏನೂ ಖಚಿತವಾಗಲಿಲ್ಲ. ಮರುದಿನವೂ ನೋಡಿದರು. ಹನ್ನೊಂದು ದಿನ ಪರಿಶೀಲಿಸಿದ ಮೇಲೆ ‘ಉತ್ತಮ’ ಎಂದು ಬರೆದರು. ಅಷ್ಟರಲ್ಲಿ ಹಾಸಿಗೆಯ ಒಳಗಿದ್ದವರೂ ಚೀಟಪ್ಪನವರನ್ನು ಪರಿಶೀಲಿಸಿ ಅದೇ ತೀರ್ಮಾನಕ್ಕೆ ಬಂದಿದ್ದರು. ಕೆಲವರು ಅವರ ಅಂಗಿ ಹಿಡಿದು ಮನೆಗೂ ಬಂದರು.

ಮನೆಯೆಂದರೆ ಎರಡು ಕೋಣೆ. ಒಂದರಲ್ಲಿ ಮಂಚ, ಇನ್ನೊಂದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಹಾಕುವುದು, ತೆಳ್ಳಗಾದವರ ಕೋಟನ್ನು ಕಿರಿದು ಮಾಡಿ, ಅವರು ಮತ್ತೆ ದಪ್ಪಗಾದಾಗ ಹಿರಿದು ಮಾಡುವುದು, ಇವೆಲ್ಲದರಲ್ಲಿ ಆಕೆಯ ಕೈ ಬೀದಿಗೇ ಹೆಸರಾಗಿತ್ತು. ಗೋಡೆಯಿಂದ ಗೋಡೆಗೆ ಕಟ್ಟಿದ ಕಬ್ಬಿಣದ ಸರಳಿನಲ್ಲಿ ಊರವರ ಬಟ್ಟೆ ಸದಾ ತೂಗುತ್ತಿರುತ್ತಿತ್ತು.

ಒಂದು ಬೆಳಿಗ್ಗೆ ಗಂಡ ಬೆನ್ನು ತಿರುಗಿಸಿ ಅಂಗಿ ತೊಡುತ್ತಿದ್ದಾಗ ಆಕೆ ಸೂಜಿಯನ್ನು ಹಾಗೇ ತಡೆದು ಹಿಡಿದರು.

“ರೀ, ಸ್ವಲ್ಪ ನಿಲ್ಲಿ. ಬೆನ್ನ ಮೇಲೆ ಏನಿದು?”

“ಸೊಳ್ಳೆ ಕಚ್ಚಿರಬೇಕು ಬಿಡೇ.”

“ಸೊಳ್ಳೆ ಎಲ್ಲಿ ಬೇಕೋ ಅಲ್ಲಿ ಕಚ್ಚುತ್ತೆ. ಇದು ನೋಡಿ, ಒಂದೇ ಸಾಲು, ಒಂದೇ ಅಳತೆ. ಇಷ್ಟು ನೀಟಾಗಿ ಹೊಲಿಗೆ ಹಾಕೋದು ಸೊಳ್ಳೆ ಕೈಲಿ ಆಗಲ್ಲ.”

ಆಕೆ ಎದ್ದುಹೋಗಿ ಹಾಸಿಗೆಯ ಅಂಚನ್ನು ಮಡಚಿ ನೋಡಿದರು. ಹೊಲಿಗೆಯ ಮಡಿಕೆಯಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಅವುಗಳ ನಡುವೆ ಚಪ್ಪಟೆಯಾದ, ಕಂದು ಬಣ್ಣದ ಸಂಸಾರ. ಆಕೆ ಮೊದಲು ಕಿಟಕಿ ಮುಚ್ಚಿದರು. ಆಮೇಲೆ ಪಿಸುಗುಟ್ಟಿದರು:

“ತಿಗಣೆ!”

“ಅಯ್ಯೋ, ಎಲ್ಲಿಂದ ಬಂತೋ!” ಎಂದರು ಚೀಟಪ್ಪ, ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕುತ್ತ. “ಗಾಳಿಗೆ ಬಂದಿರಬಹುದು.”

“ಗಾಳಿಗೆ ಬರೋಕೆ ಅದೇನು ಗಾಳಿಪಟಾನಾ? ನೋಡಿ, ಕಿವಿಕೊಟ್ಟು ಕೇಳಿ. ಈ ಮಾತು ಹೊಸಿಲು ದಾಟಿದ್ರೆ ನಾಳೆಯಿಂದ ಒಂದು ಗುಂಡಿ ಹಾಕಿಸ್ಕೊಳ್ಳೋಕೂ ಯಾರೂ ಈ ಕಡೆ ಬರಲ್ಲ. ಇಪ್ಪತ್ತು ವರ್ಷದ ಕೈಕೆಲಸ. ಗೊತ್ತಾಯ್ತಾ?”

“ಬಾಯಿಗೆ ಬೀಗ,” ಎಂದು ಚೀಟಪ್ಪ ಮಾತು ಕೊಟ್ಟರು.

ಆಕೆ ಆ ಹೊತ್ತಿಗೇ ಗಿರಾಕಿಗಳ ಬಟ್ಟೆಯನ್ನೆಲ್ಲ ಒಂದೊಂದಾಗಿ ಕೊಡವಿ, ಬಿಸಿ ಇಸ್ತ್ರಿ ಎಳೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಮಂಚದ ಜವಾಬ್ದಾರಿಯನ್ನು ಚೀಟಪ್ಪ ವಹಿಸಿಕೊಂಡರು. ಅಂಗಡಿಯಿಂದ ಒಂದು ಬಿಳಿ ಪುಡಿ ತಂದು ಸುರಿದರು. ಗಂಡಹೆಂಡಿರಿಬ್ಬರೂ ಎರಡು ದಿನ ಸೀನಿದರು. ತಿಗಣೆಗಳು ಮಂಚದ ಬಲಗಡೆಯಿಂದ ಎಡಗಡೆಗೆ ಸರಿದು ಕೂತವು. ಮೂರನೆಯ ದಿನ ಚೀಟಪ್ಪ ಒಂದನ್ನು ಜೀವಂತವಾಗಿ ಹಿಡಿದು ಸೀಸೆಯಲ್ಲಿ ಹಾಕಿ ಚೀಟಿ ಅಂಟಿಸಿದರು: ‘ತಿಗಣೆ, ಒಂದು. ಸಿಕ್ಕ ಸ್ಥಳ: ಮಂಚದ ಎಡಗಾಲು. ವಾರಸುದಾರರು: ಇಲ್ಲ.’

ಹೆಂಡತಿ ಅದನ್ನು ಓದಿ, “ವಾರಸುದಾರರು ಇಲ್ಲ ಅಂತ ಯಾಕೆ ಬರೆದ್ರಿ? ನಿಮ್ಮ ರಕ್ತವೇ ತಾನೇ ಅದರ ಮೈಲಿ ಓಡ್ತಿರೋದು?” ಎಂದರು.

ಅದೇ ವಾರ ಡಿಪೋದಲ್ಲಿ ತಿಂಗಳ ಸಭೆ. ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ಮೇಜಿನ ಸುತ್ತ ಐದಾರು ಮಂದಿ. ಚೀಟಪ್ಪನವರ ಪಕ್ಕ ಟೈಮ್‌ಕೀಪರ್. ಬಸ್ಸು ಅರ್ಧ ನಿಮಿಷ ತಡವಾಗಿ ಹೊರಟರೂ ಆ ಕಣ್ಣಿಗೆ ಬೀಳದೆ ಇರದು. ಹಾಗಿರುವಾಗ ಚೀಟಪ್ಪನವರ ಬಿಳಿ ಕಾಲರಿನ ಮೇಲೆ ಎಡದಿಂದ ಬಲಕ್ಕೆ ಸಾವಕಾಶವಾಗಿ ನಡೆದುಹೋಗುತ್ತಿದ್ದ ಪ್ರಾಣಿ ಬೀಳದೆ ಇರುತ್ತದೆಯೇ?

“ಸಾರ್, ನಿಮ್ಮ ಕಾಲರ್ ಮೇಲೆ ತಿಗಣೆ!”

ಸಭೆ ನಿಂತಿತು. ಮೆಕ್ಯಾನಿಕ್ ಮೇಸ್ತ್ರಿ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆಳೆದುಕೊಂಡರು. ಮನೆಯಿಂದ ಬಂತೆಂದರೆ ಹೆಂಡತಿಯ ಕಸುಬಿಗೆ ಕಲ್ಲು. ಆಫೀಸಿನಿಂದ ಬಂತೆಂದರೆ ನಾನೂರ ಹದಿನೇಳರ ಮೇಲಿನ ಮಧ್ಯಾಹ್ನಗಳೆಲ್ಲ ಹೊರಗೆ ಬರುತ್ತವೆ. ಇಂಥ ಇಕ್ಕಟ್ಟಿನಲ್ಲಿ ಸಾಮಾನ್ಯ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಚೀಟಪ್ಪ ಬಾಯಿ ತೆರೆದರು.

“ಓ, ಇದಾ? ನಿನ್ನೆ ಸೇವೆಗೆ ಹೋಗಿದ್ದೆ. ಅಲ್ಲಿಂದ ಬಂದಿರಬೇಕು.”

“ಯಾವ ಸೇವೆ?” ಎಂದರು ಮ್ಯಾನೇಜರ್.

“ಹೀಗೇ ಸಾರ್... ತಿಗಣೆ ಕಾಟ ಇರೋರ ಮನೆಗೆ ಹೋಗಿ ಓಡಿಸಿ ಬರ್ತೀನಿ. ಪಾಪ, ಜನ ಕಷ್ಟದಲ್ಲಿರ್ತಾರೆ. ಹೇಳ್ಕೊಳ್ಳೋ ಅಂಥದ್ದೇನಲ್ಲ.”

“ಹಾಗಾದ್ರೆ ಕೈ ಮೇಲೆ ಇರೋ ಗಂಧೆಗಳು?”

“ಎಲ್ಲಾ ಸೇವೇದೇ ಸಾರ್.”

ಮೇಜಿನ ಸುತ್ತ ಒಂದು ನಿಟ್ಟುಸಿರು ಹರಿಯಿತು. ಮೆಕ್ಯಾನಿಕ್ ಮೇಸ್ತ್ರಿ ಕುರ್ಚಿಯನ್ನು ಮೊದಲಿನ ಜಾಗಕ್ಕೆ ತಂದು, ಇನ್ನೂ ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡರು. ಸಭೆ ಮುಗಿದ ಮೇಲೆ ಮ್ಯಾನೇಜರ್ ಚೀಟಪ್ಪನವರನ್ನು ನಿಲ್ಲಿಸಿಕೊಂಡು, ಬಾಗಿಲು ಹಾಕಿ, ಪರದೆಯನ್ನೂ ಎಳೆದರು.

“ನನಗೆ ಪರಿಚಯದವರೊಬ್ಬರು. ಅವರ ಮನೇಲಿ ಸ್ವಲ್ಪ... ನೀವು ಹೇಳಿದ್ರಲ್ಲ, ಅದೇ.”

“ಯಾರ ಮನೆ ಸಾರ್?”

ಮ್ಯಾನೇಜರ್ ಕಿಟಕಿಯತ್ತ ನೋಡಿದರು. “ನಮ್ಮ ಅಮ್ಮನ ಮಗನ ಮನೆ.”

ಚೀಟಪ್ಪ ಈ ಸಂಬಂಧವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೆಂದು ನಿಶ್ಚಯವಾಗಿತ್ತು. ಹೊರಗೆ ಕಾರಿಡಾರಿನಲ್ಲಿ ಟೈಮ್‌ಕೀಪರ್ ಅವರ ತೋಳು ಹಿಡಿದು, “ನನ್ನ ಸ್ನೇಹಿತ ಒಬ್ಬನ ಮನೇಲಿ...” ಎಂದರು. ಮೆಟ್ಟಿಲ ಬಳಿ ಮೆಕ್ಯಾನಿಕ್ ಮೇಸ್ತ್ರಿ ಕಾದಿದ್ದರು. ಅವರಿಗೂ ಒಬ್ಬ ಸ್ನೇಹಿತ. ಸಂಜೆಯೊಳಗೆ ಡಿಪೋದಲ್ಲಿ ಇಂಥ ಸ್ನೇಹಿತರ ಸಂಖ್ಯೆ ಏಳಕ್ಕೇರಿತು.

ಟೈಮ್‌ಕೀಪರ್ ಅವರ ತಂಗಿ ಚೀಟಪ್ಪನವರ ಎದುರುಮನೆಯಲ್ಲೇ ಇದ್ದ ಟೀಚರ್. ಮರುದಿನ ಶಾಲೆ ಮುಗಿಸಿ ಬಂದವರು ಚೀಲವನ್ನೂ ಇಳಿಸದೆ ನೇರ ಹೊಲಿಗೆ ಯಂತ್ರದ ಮುಂದೆ ಬಂದು ನಿಂತರು.

“ಅಕ್ಕಾ, ಇಷ್ಟು ವರ್ಷ ಎದುರುಬದುರು ಇದ್ದೀವಿ. ನನ್ನ ಹತ್ರಾನೂ ಮುಚ್ಚಿಟ್ರಲ್ಲ!”

ಯಂತ್ರ ನಿಂತಿತು. “ಏನನ್ನ?”

“ತಿಗಣೆ ವಿಷಯಾನ!”

ಆಕೆಯ ಕೈಯಿಂದ ಕತ್ತರಿ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. “ಟೀಚರ್, ಅದು ಏನಾಯ್ತು ಅಂದ್ರೆ, ನಾವು ಎಷ್ಟು ಚೊಕ್ಕಟವಾಗಿ ಇಟ್ಕೊಂಡ್ರೂ...”

“ನಾಚಿಕೆ ಯಾಕಕ್ಕ? ಹೆಮ್ಮೆ ಪಡಬೇಕಾದ್ದು! ಎಲ್ಲರ ಮನೇಲೂ ಇಂಥದ್ದು ಇರುತ್ತಾ?”

“ಇರಲ್ವಾ?”

“ಎಲ್ಲಿಂದ ಇರುತ್ತೆ? ಊರಿಗೆ ಒಬ್ಬರು ಇದ್ರೆ ಹೆಚ್ಚು. ಯಾರಿಗೂ ಹೇಳದೆ, ಯಾರಿಂದಲೂ ಏನೂ ತಗೊಳ್ಳದೆ, ಮನೆಮನೆಗೆ ಹೋಗಿ ತಿಗಣೆ ಓಡಿಸ್ತಾರಂತಲ್ಲ ಭಾವ! ನಮ್ಮಣ್ಣ ಹೇಳ್ತಾ ಹೇಳ್ತಾ ಕಣ್ಣೊರೆಸ್ಕೊಂಡ. ಇಲ್ಲೀತನಕ ಎಷ್ಟು ಮನೆ ನೋಡಿದ್ದಾರೆ?”

ಆಕೆ ಬಗ್ಗಿ ಕತ್ತರಿಯನ್ನು ಎತ್ತಿಕೊಂಡು, ಅದರ ಬಾಯಿ ಒಮ್ಮೆ ತೆರೆದು ಮುಚ್ಚಿ ನೋಡಿದರು. “ಲೆಕ್ಕ ಇಟ್ಟಿಲ್ಲ ಟೀಚರ್. ಒಂದು ಮನೇನಂತೂ ತುಂಬಾ ಚೆನ್ನಾಗಿ ನೋಡಿದ್ದಾರೆ.”

ಆ ಸಂಜೆ ಚೀಟಪ್ಪ ಮನೆಗೆ ಬಂದಾಗ ಬಾಗಿಲಲ್ಲೇ ಸ್ವಾಗತವಾಯಿತು. “ಬನ್ನಿ ಚೀಟಪ್ಪನವರೇ. ಸೇವೆ ಎಲ್ಲಾ ಸಾಂಗವಾಗಿ ಆಯ್ತಾ? ನಮ್ಮದೊಂದು ಬಡವರ ಮನೆ ಇದೆ. ಇಲ್ಲಿಗೆ ಯಾವತ್ತು ಪಾದ ಬೆಳೆಸ್ತೀರಿ?”

ಚೀಟಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಎಲ್ಲವನ್ನೂ ಹೇಳಿದರು. ಹಾಸಿಗೆಯ ವಿಷಯ ಒಂದನ್ನು ಬಿಟ್ಟು. ಆಕೆ ಬೈದರು, ಸುಮ್ಮನಾದರು, ಮತ್ತೆ ಬೈದರು. ಆದರೆ ಶನಿವಾರ ಮಧ್ಯಾಹ್ನ ಉಳಿದ ಖಾಕಿ ಬಟ್ಟೆಯಲ್ಲಿ ಮೊಣಕಾಲ ತನಕ ಬರುವ ಒಂದು ಏಪ್ರನ್ ಹೊಲಿದು ಅವರ ಕೈಗಿತ್ತರು. ಅದಕ್ಕೆ ನಾಲ್ಕು ಜೇಬು ಬೇರೆ.

“ಹೇಳಿದ್ದಂತೂ ಸುಳ್ಳು. ನೋಡೋಕಾದ್ರೂ ನೆಟ್ಟಗಿರಿ.”

ಭಾನುವಾರ ಚೀಟಪ್ಪ ಏಪ್ರನ್ ತೊಟ್ಟು, ಚೀಲದಲ್ಲಿ ಟಾರ್ಚು, ಬಿಳಿ ಪುಡಿ, ಖಾಲಿ ಚೀಟಿಗಳ ಕಟ್ಟು ಇಟ್ಟುಕೊಂಡು ಮ್ಯಾನೇಜರ್ ಮನೆಗೆ ಹೋದರು. ಮಹಡಿಯ ಕೋಣೆಯಲ್ಲಿ ಒಂದು ದೊಡ್ಡ ಮರದ ಮಂಚ. ಪಕ್ಕದ ಕುರ್ಚಿಯಲ್ಲಿ, ಊರುಗೋಲನ್ನು ತೊಡೆಯ ಮೇಲೆ ಅಡ್ಡವಿಟ್ಟುಕೊಂಡು, ಎಂಬತ್ತರ ಆಸುಪಾಸಿನ ಸಣಕಲು ಮುದುಕಿ. ಮ್ಯಾನೇಜರ್ ಅವರ ತಾಯಿ.

“ಇವರೇ ಅಮ್ಮ, ನಾನು ಹೇಳಿದ ತಜ್ಞರು,” ಎಂದರು ಮ್ಯಾನೇಜರ್.

“ಹೂಂ. ಶುರು ಮಾಡ್ಲಿ,” ಎಂದರು ಮುದುಕಿ.

ಚೀಟಪ್ಪ ಮಂಚದ ಕಾಲನ್ನು ಬೆರಳಿನಿಂದ ತಟ್ಟಿದರು. ಕಿವಿಯಿಟ್ಟು ಕೇಳಿದರು. ಇನ್ನೊಂದು ಕಾಲನ್ನೂ ತಟ್ಟಿದರು. “ಮೇಲ್ನೋಟಕ್ಕೆ ಮಧ್ಯಮ ಪ್ರಮಾಣದ ವಾಸ್ತವ್ಯ ಕಂಡುಬರುತ್ತಿದೆ,” ಎಂದು ಒಂದು ಚೀಟಿ ಬರೆದು ಕಾಲಿಗೆ ಕಟ್ಟಿದರು.

ಮ್ಯಾನೇಜರ್ ಮೆಚ್ಚಿ ತಲೆಯಾಡಿಸಿದರು. ಮುದುಕಿ ಮಾತ್ರ ಊರುಗೋಲಿನ ತುದಿಯಿಂದ ಚೀಟಪ್ಪನವರ ಚೀಲವನ್ನು ತೋರಿಸಿದರು. ಅದರ ಪಟ್ಟಿಯ ಮೇಲೆ ಒಂದು ತಿಗಣೆ ಕೂತಿತ್ತು.

“ಮಗಾ, ನೀನು ಕೆಳಗೆ ಹೋಗಿ ಟೀ ಮಾಡು. ನಿಧಾನಕ್ಕೆ ಮಾಡು,” ಎಂದು ಮುದುಕಿ ಮಗನನ್ನು ಕಳಿಸಿದರು. ಮೆಟ್ಟಿಲಿನ ಸದ್ದು ಅಡಗುವ ತನಕ ಕಾದು ಕೇಳಿದರು: “ಇದು ಯಾರ ಮನೇದು?”

“ಇಲ್ಲೀದೇ ಇರ್ಬೇಕು ಅಮ್ಮಾ. ಈಗ ತಾನೇ ಹತ್ತಿರಬಹುದು.”

“ನಮ್ಮನೇದಲ್ಲ. ಇಲ್ಲಿ ಮಲಗೋದು ನಾನೊಬ್ಬಳೇ, ನನ್ನ ಮೈಲಿ ಏನಿದೆ? ನಮ್ಮವು ಕಡ್ಡಿ ಹಾಗಿವೆ. ಇದು ನೋಡು, ದ್ರಾಕ್ಷಿ ಹಾಗೆ ಉಂಡು ಬಂದಿದೆ. ನಾನು ಮೂವತ್ತೊಂದು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದೋಳು. ನೂರಿಪ್ಪತ್ತು ಮಂಚ, ನೂರಿಪ್ಪತ್ತು ಹುಡುಗೀರು. ತಿಗಣೇನೂ ನೋಡಿದ್ದೀನಿ, ಸುಳ್ಳನ್ನೂ ನೋಡಿದ್ದೀನಿ. ಹೇಳು.”

ನೂರಿಪ್ಪತ್ತು ಹುಡುಗಿಯರು ತಡೆಯಲಾರದ ನೋಟವನ್ನು ಚೀಟಪ್ಪ ಒಬ್ಬರೇ ತಡೆಯುವುದು ಹೇಗೆ? ನಾನೂರ ಹದಿನೇಳರಿಂದ ಹಿಡಿದು ಕಾಲರಿನ ತನಕ ಎಲ್ಲವನ್ನೂ ಒಪ್ಪಿಕೊಂಡರು. ವಾರ್ಡನ್ ಅಮ್ಮ ಕೇಳುತ್ತ ಕೇಳುತ್ತ ಎರಡು ಸಲ ಬಾಯಿಗೆ ಸೆರಗು ಅಡ್ಡ ಹಿಡಿದರು. ಅಳುವುದಕ್ಕಲ್ಲ.

“ನನ್ನ ಸ್ನೇಹಿತೆಯರು ವಾರಕ್ಕೆರಡು ಸಲ ಇಲ್ಲಿಗೆ ಬಂದು ಕೇರಂ ಆಡ್ತಿದ್ರು. ಈ ದರಿದ್ರ ಪ್ರಾಣಿ ಬಂದ ಮೇಲೆ ನನ್ನ ಮಗ ಅವರಿಗೆಲ್ಲ ಫೋನ್ ಮಾಡಿ, ಅಮ್ಮಂಗೆ ವಿಶ್ರಾಂತಿ ಬೇಕು ಅಂದುಬಿಟ್ಟ. ಮರ್ಯಾದೆ ಅಂತೆ! ಎರಡು ತಿಂಗಳಾಯ್ತು, ವಿಶ್ರಾಂತಿ ತಗೊಂಡು ತಗೊಂಡು ಸಾಕಾಗಿದೆ. ನನ್ನ ಕೈಯಲ್ಲಿ ಬಲ ಇಲ್ಲ, ನಿನ್ನ ತಲೇಲಿ ವಿದ್ಯೆ ಇಲ್ಲ. ಸ್ಕ್ರೂ ಬಿಚ್ಚೋಕೆ ಬರುತ್ತಾ?”

“ಬರುತ್ತೆ.”

“ಪುಡಿ ಎತ್ತಿಡು. ಬಿಚ್ಚು.”

ಟೀ ಬರುವಷ್ಟರಲ್ಲಿ ಮಂಚ ಏಳು ತುಂಡಾಗಿ ನೆಲದ ಮೇಲಿತ್ತು. ವಾರ್ಡನ್ ಅಮ್ಮ ಊರುಗೋಲಿನಲ್ಲಿ ಒಂದೊಂದು ಸಂದಿಯನ್ನೂ ತೋರಿಸುತ್ತಿದ್ದರು: “ಸ್ಕ್ರೂ ತೂತಿನ ಒಳಗೆ. ಅಲ್ಲಲ್ಲ, ಹಲಗೆ ಅಡಿಗೆ. ಮೊಟ್ಟೆ ಅಲ್ಲೇ ಇಡೋದು. ಕುದಿಯೋ ನೀರು ಹಾಕು. ಇವು ಬಿಸಿಗೆ ಸಾಯುತ್ತವೆ, ಬೈಗುಳಕ್ಕಲ್ಲ.” ಹೊದಿಕೆಗಳನ್ನೆಲ್ಲ ಬಿಸಿನೀರಿಗೆ ಹಾಕಿಸಿದರು, ಹಾಸಿಗೆಯ ಮಡಿಕೆಗಳಿಗೆ ಇಸ್ತ್ರಿ ಪೆಟ್ಟಿಗೆಯ ಹಬೆ ಹಿಡಿಸಿದರು, ಗೋಡೆಯ ಬಿರುಕುಗಳಿಗೆ ಪುಟ್ಟಿ ತುಂಬಿಸಿದರು. ಮ್ಯಾನೇಜರ್ ಟ್ರೇ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

“ಅಮ್ಮಾ, ಇವರು ಎಷ್ಟು ಚೆನ್ನಾಗಿ ಮಾಡ್ತಿದ್ದಾರೆ!”

“ಹೂಂ. ಹೇಳಿಕೊಟ್ಟಂಗೆ ಮಾಡ್ತಾರೆ,” ಎಂದರು ವಾರ್ಡನ್ ಅಮ್ಮ.

ಹತ್ತು ದಿನಕ್ಕೆ ಮೊಟ್ಟೆ ಒಡೆದು ಮರಿ ಬರುತ್ತದೆಂದೂ, ಆಗ ಇನ್ನೊಂದು ಸಲ ಇದೇ ಶ್ರಮವೆಂದೂ ಹೇಳಿ ಚೀಟಪ್ಪನವರನ್ನು ಕಳಿಸಿದರು. ಮರುದಿನ ಸಂಜೆಯೇ, ಒಂದು ಹಳೆಯ ಕೋಟನ್ನು ಕೈಮೇಲೆ ಹಾಕಿಕೊಂಡು, ಕಿರಿದು ಮಾಡಿಸುವ ನೆಪದಲ್ಲಿ, ತಾವೇ ಚೀಟಪ್ಪನವರ ಮನೆಗೆ ಬಂದಿಳಿದರು.

ಮ್ಯಾನೇಜರ್ ಅವರ ತಾಯಿ ಎಂದು ತಿಳಿದು ಚೀಟಪ್ಪನವರ ಹೆಂಡತಿ ಯಂತ್ರ ಬಿಟ್ಟು ಎದ್ದು ನಿಂತರು. “ಕೂತ್ಕೊಳ್ಳಿ” ಎಂದರೆ ಕುರ್ಚಿಯಲ್ಲಿ ಏನಿದೆಯೋ ಎಂಬ ಭಯ, ಎನ್ನದಿದ್ದರೆ ಮರ್ಯಾದೆಗೇಡು. ವಾರ್ಡನ್ ಅಮ್ಮ ತಾವೇ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ, ನೆಟ್ಟಗಿಟ್ಟು ಕೂತರು.

“ಹೆದರಬೇಡ ಮಗಳೇ. ನಿನ್ನ ಗಂಡ ಆಫೀಸಲ್ಲಿ ಯಾವುದೋ ಹಾಸಿಗೆ ಮೇಲೆ ಹನ್ನೊಂದು ದಿನ ಗೊರಕೆ ಹೊಡೆದು ಇದನ್ನ ತಂದಿದ್ದಾನೆ. ಹೇಳಿರ್ತಾನಲ್ಲ?”

ಹೇಳಿರಲಿಲ್ಲ. ಮುಂದಿನ ಐದು ನಿಮಿಷ ಆ ಮನೆಯಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ‘ಗಾಳಿಪಟ’ ಎಂಬ ಪದ ಹಲವು ಬಾರಿ ಬಳಕೆಯಾಯಿತು ಎಂದರೆ ಸಾಕು.

ಆಮೇಲೆ ಕೆಲಸ ಶುರುವಾಯಿತು. ಸ್ಕ್ರೂಡ್ರೈವರ್ ಚೀಟಪ್ಪನವರದು, ಊರುಗೋಲು ವಾರ್ಡನ್ ಅಮ್ಮನದು. ಆದರೆ ಅರ್ಧ ಗಂಟೆಯಲ್ಲಿ ಊರುಗೋಲಿಗೆ ಕೆಲಸವೇ ಇಲ್ಲದಂತಾಯಿತು. ಚೀಟಪ್ಪನವರ ಹೆಂಡತಿ ಹಾಸಿಗೆಯ ಅಂಚಿನ ಮೇಲೆ ಬೆರಳಾಡಿಸಿ, “ಇಲ್ಲಿ ಎರಡು ಮಡಿಕೆ ಹಾಕಿ ಹೊಲಿದಿದ್ದಾರೆ, ಒಳಗೆ ಜಾಗ ಇದೆ,” ಎಂದು ನಾಲ್ಕು ಹೊಲಿಗೆ ಬಿಚ್ಚಿದರೆ, ಒಳಗೆ ನಿಜವಾಗಿಯೂ ಒಂದು ಇಡೀ ಬಳಗ! ತಮ್ಮ ಹೊಲಿಗೆ ಕೆಲಸದ ಭಾರದ ಇಸ್ತ್ರಿ ಪೆಟ್ಟಿಗೆಯನ್ನು ಅವುಗಳ ಮೇಲೆ ಅವರು ಎಳೆದ ರೀತಿ ನೋಡಿ ವಾರ್ಡನ್ ಅಮ್ಮ ಕುರ್ಚಿಯ ಅಂಚಿಗೆ ಬಂದರು.

“ಮೂವತ್ತೊಂದು ವರ್ಷದಲ್ಲಿ ಇಂಥ ಕೈ ನೋಡ್ಲಿಲ್ಲ ಕಣೇ! ನೀನು ಎಲ್ಲಿದ್ದೆ ಇಷ್ಟು ದಿನ?”

“ಇಲ್ಲೇ ಇದ್ದೆ ಅಮ್ಮಾ. ಜಿಪ್ಪು ಹಾಕ್ತಾ ಇದ್ದೆ.”

ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಎರಡೂ ಮನೆಗಳಲ್ಲಿ ಒಂದು ಮರಿಯೂ ಕಾಣಲಿಲ್ಲ. ವಾರ್ಡನ್ ಅಮ್ಮನ ಕೋಣೆಯಲ್ಲಿ ಕೇರಂ ಕಾಯಿಗಳ ಸದ್ದು ಮತ್ತೆ ಕೇಳತೊಡಗಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಚೀಟಪ್ಪ ಜೀವಮಾನವಿಡೀ ತಜ್ಞರಾಗಿಯೇ ಉಳಿಯಬಹುದಿತ್ತು. ಆದರೆ ಮ್ಯಾನೇಜರ್ ಕೃತಜ್ಞತೆಯುಳ್ಳ ಮನುಷ್ಯ. ಕೃತಜ್ಞತೆಯುಳ್ಳ ಮೇಲಧಿಕಾರಿಯಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಅವರು ಒಂದು ಬೆಳಿಗ್ಗೆ ಡ್ರೈವರುಗಳ ವಿಶ್ರಾಂತಿ ಕೊಠಡಿಯಲ್ಲಿ ಎಲ್ಲರನ್ನೂ ಸೇರಿಸಿದರು. ಎರಡು ಸಾಲಿನಲ್ಲಿ ಇಪ್ಪತ್ತು ಕಬ್ಬಿಣದ ಮಂಚಗಳು. ಒಂದರ ಮೇಲೂ ಯಾರೂ ಕೂತಿಲ್ಲ. ಎಲ್ಲರೂ ನಿಂತಿದ್ದಾರೆ. ಮ್ಯಾನೇಜರ್ ಚೀಟಪ್ಪನವರ ಹೆಗಲ ಮೇಲೆ ಕೈಯಿಟ್ಟು ಸಾರಿದರು: “ಈ ಮಹನೀಯರು ನನ್ನ... ನನಗೆ ಪರಿಚಯದವರ ಮನೆಯನ್ನು ಕಾಪಾಡಿದ್ದಾರೆ. ಇಂದಿನಿಂದ ಈ ಕೊಠಡಿಯೂ ಇವರ ಕೈಯಲ್ಲಿ. ನಿಸ್ವಾರ್ಥ ಸೇವೆಗಾಗಿ ಇವರಿಗೊಂದು ಪ್ರಶಸ್ತಿ ಪತ್ರವನ್ನೂ...”

ಅಷ್ಟರಲ್ಲಿ ಹಿರಿಯ ಡ್ರೈವರ್ ಒಬ್ಬರು ಮುಂದೆ ಬಂದರು. ನರೆತ ಮೀಸೆ, ಕೆಂಪಾದ ಕಣ್ಣು. ಅವರು ಚೀಟಪ್ಪನವರ ಎರಡೂ ಕೈ ಹಿಡಿದುಕೊಂಡರು.

“ಏಳು ವರ್ಷದಿಂದ ಅರ್ಜಿ ಹಾಕ್ತಿದ್ದೀವಿ ಸಾರ್. ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿ, ಮಧ್ಯಾಹ್ನ ಮತ್ತೆ ಹತ್ತಬೇಕು. ನಡುವೆ ನಾಲ್ಕು ಗಂಟೆ ಸಿಗೋದು. ಈ ಮಂಚದ ಮೇಲೆ ಮಲಗೋಕಾಗಲ್ಲ. ಬೆಂಚಿನ ಮೇಲೆ ಕೂತು ಹಂಗೇ ಕಣ್ಣು ಮುಚ್ತೀವಿ. ಐವತ್ತು ಜನ ನನ್ನ ನಂಬ್ಕೊಂಡು ಹಿಂದೆ ಕೂತಿರ್ತಾರೆ. ಎರಡು ಸಲ ಸ್ಟೇರಿಂಗ್ ಮೇಲೆ ತೂಕಡಿಸಿದ್ದೀನಿ, ಯಾರಿಗೂ ಹೇಳಿಲ್ಲ. ನಿಮ್ಮಂಥೋರು ಪಕ್ಕದ ಕೋಣೇಲೇ ಇದ್ದಿದ್ದು ನಮಗೆ ಗೊತ್ತೇ ಇರ್ಲಿಲ್ಲವಲ್ಲ ಸಾರ್!”

ಚೀಟಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ತಲೆ ತಗ್ಗಿಸಿದರು.

“ನಾನು ಹೇಳಿದ್ದು ಸುಳ್ಳು.”

“ಏನದು?” ಎಂದರು ಮ್ಯಾನೇಜರ್.

“ಸೇವೆ ಗೀವೆ ಏನೂ ಇಲ್ಲ ಸಾರ್. ಪಕ್ಕದ ಕೋಣೇಲಿ ನಾನೂರ ಹದಿನೇಳನೇ ನಂಬರಿನ ಹಾಸಿಗೆ ಇದೆ. ಮಧ್ಯಾಹ್ನ ಅದರ ಮೇಲೆ ಮಲಗ್ತಿದ್ದೆ. ಕಾಲರ್ ಮೇಲೆ ಹತ್ತಿದ್ದು ಅಲ್ಲಿಂದ. ಸಿಕ್ಕಿಬಿದ್ದಾಗ ಬಾಯಿಗೆ ಬಂದದ್ದು ಹೇಳಿದೆ.”

ಮ್ಯಾನೇಜರ್ ಹೆಗಲ ಮೇಲಿನ ಕೈ ತೆಗೆದರು. “ಮತ್ತೆ ನಮ್ಮ ಮನೆ?”

ಈ ಸಲ ಅವರ ಬಾಯಿಂದ ಪರಿಚಯದವರು ಬಿಟ್ಟುಹೋದರು. ಯಾರೂ ನಗಲಿಲ್ಲ, ಕೆಲವರು ಕೆಮ್ಮಿದರು.

“ಅದು ನಿಮ್ಮ ಅಮ್ಮ ಮಾಡಿಸಿದ್ದು ಸಾರ್. ನನಗೇನೂ ಗೊತ್ತಿರ್ಲಿಲ್ಲ. ಈಗ ಗೊತ್ತು. ಎರಡು ಮನೆ ಮಾಡಿ ಕೈ ಕುದುರಿದೆ.”

“ಎರಡಾ?” ಟೈಮ್‌ಕೀಪರ್ ಕಿವಿ ನಿಮಿರಿತು. “ಎರಡನೇದು ಯಾರದು?”

ಚೀಟಪ್ಪ ಬಾಯಿ ಬಿಗಿ ಹಿಡಿದರು. ತಮ್ಮ ಮಾನ ಹೋದದ್ದು ಹೋಯಿತು; ಹೆಂಡತಿಯ ಕಸುಬನ್ನು ಯಾರ ಮುಂದೆಯೂ ಇಡಲಾರರು.

“ನಮ್ಮದು,” ಎಂದಿತು ಬಾಗಿಲಿನಿಂದ ಒಂದು ದನಿ.

ಚೀಟಪ್ಪನವರ ಹೆಂಡತಿ ಭಾರದ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ವಾರ್ಡನ್ ಅಮ್ಮ. ಮಗ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಸಭೆಯ ವಿಷಯ ಹೇಳಿದ್ದನ್ನು ಕೇಳಿ, ಅವರೇ ಆಟೋ ಮಾಡಿ ಆಕೆಯನ್ನು ಕರೆತಂದಿದ್ದರು. ಡ್ರೈವರ್ ಹೇಳಿದ ಅರ್ಜಿಯ ಮಾತಿನಿಂದ ಹಿಡಿದು ಎಲ್ಲವನ್ನೂ ಇಬ್ಬರೂ ಬಾಗಿಲಲ್ಲೇ ಕೇಳಿಸಿಕೊಂಡಿದ್ದರು.

“ನಮ್ಮನೇಲಿ ತಿಗಣೆ ಇತ್ತು. ಈಗಿಲ್ಲ,” ಎಂದರು ಆಕೆ, ಟೈಮ್‌ಕೀಪರ್ ಅವರನ್ನೇ ನೇರ ನೋಡುತ್ತ. “ಹೋಗಿ ನಿಮ್ಮ ತಂಗೀಗೂ ಹೇಳಿ. ಗಿರಾಕಿಗಳ ಬಟ್ಟೆ ಒಂದಕ್ಕೂ ಹತ್ತೋಕೆ ಬಿಟ್ಟಿಲ್ಲ. ನಂಬೋರು ಕೊಡ್ಲಿ, ನಂಬದೋರು ಬಿಡ್ಲಿ.”

ಟೈಮ್‌ಕೀಪರ್ ಗಡಿಯಾರ ನೋಡಿಕೊಂಡರು, ಛಾವಣಿ ನೋಡಿದರು, ಕೊನೆಗೆ ತಮ್ಮ ಬೂಟು ನೋಡಿದರು. “ಅಕ್ಕಾ, ನನ್ನ ಸ್ನೇಹಿತ ಅಂತ ಹೇಳಿದ್ನಲ್ಲ... ಅದು ನಾನೇ. ನಮ್ಮನೇಗೂ ಒಂದು ಸಲ ಬನ್ನಿ.”

“ನನ್ನ ಸ್ನೇಹಿತಾನೂ ನಾನೇ,” ಎಂದರು ಮೆಕ್ಯಾನಿಕ್ ಮೇಸ್ತ್ರಿ. ಏಳು ಸ್ನೇಹಿತರೂ ಒಬ್ಬೊಬ್ಬರಾಗಿ ಪ್ರತ್ಯಕ್ಷರಾದರು.

ಮ್ಯಾನೇಜರ್ ಮಾತ್ರ ಇನ್ನೂ ಬಿಗಿದುಕೊಂಡೇ ಇದ್ದರು. “ಅದೆಲ್ಲ ಇರಲಿ. ಕರ್ತವ್ಯದ ವೇಳೆಯಲ್ಲಿ ನಿದ್ದೆ! ಕಾರಣ ಕೇಳಿ ನೋಟಿಸ್ ಕೊಡಲೇಬೇಕಾಗುತ್ತೆ.”

“ಕೊಡು,” ಎಂದರು ಅವರ ತಾಯಿ. “ಏಳು ವರ್ಷದ ಅರ್ಜಿ ಮೇಲೆ ನಿದ್ದೆ ಮಾಡಿದ್ದಕ್ಕೆ ಇನ್ನೊಂದು ನೋಟಿಸ್ ಬರಿ. ಅದನ್ನ ಯಾರಿಗೆ ಕೊಡ್ತೀಯೋ ನೋಡ್ತೀನಿ. ಈಗ ಕೋಟು ತೆಗೆದಿಟ್ಟು ಆ ಕಡೆ ಮಂಚ ಹಿಡಿ.”

ಮ್ಯಾನೇಜರ್ ಕೋಟು ತೆಗೆದರು.

ಇಪ್ಪತ್ತು ಮಂಚಗಳು ಅಂಗಳಕ್ಕೆ ಬಂದವು. ಡ್ರೈವರುಗಳು ಸ್ಪ್ಯಾನರ್ ಹಿಡಿದು ನಟ್ಟುಬೋಲ್ಟು ಕಳಚಿದರು. ಬಸ್ಸು ತೊಳೆಯುವ ಹಬೆ ಯಂತ್ರವನ್ನು ಮೆಕ್ಯಾನಿಕ್ ಮೇಸ್ತ್ರಿ ಎಳೆದು ತಂದರು. ಹಾಸಿಗೆಗಳ ಮಡಿಕೆಗಳನ್ನು ಚೀಟಪ್ಪನವರ ಹೆಂಡತಿ ಬಿಚ್ಚಿ ತೋರಿಸಿದರು. ಇಬ್ಬರು ಕಂಡಕ್ಟರುಗಳು ಆಕೆಯಿಂದ ಇಸ್ತ್ರಿ ಹಿಡಿಯುವುದನ್ನು ಕಲಿತರು. ನಾನೂರ ಹದಿನೇಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ವಿಲೇವಾರಿ ಮಾಡಲಾಯಿತು. ಅದರ ಚೀಟಿಯ ಮೇಲಿದ್ದ ‘ಉತ್ತಮ’ವನ್ನು ಚೀಟಪ್ಪ ತಾವೇ ಹೊಡೆದುಹಾಕಿದರು. ಹತ್ತು ದಿನ ಬಿಟ್ಟು ಎರಡನೆಯ ಸುತ್ತು, ಇನ್ನೂ ಹತ್ತು ದಿನಕ್ಕೆ ಮೂರನೆಯದು. ಕೊನೆಗೆ ವಾರ್ಡನ್ ಅಮ್ಮ ಟಾರ್ಚು ಹಿಡಿದು ಇಪ್ಪತ್ತು ಮಂಚವನ್ನೂ ಪರೀಕ್ಷಿಸಿ, “ಪಾಸು” ಎಂದರು.

ಅದಾದ ಮೇಲೆ ಎದುರುಮನೆ ಟೀಚರ್ ಚೀಟಪ್ಪನವರ ಮನೆಗೆ ಮೂರು ಪ್ಯಾಂಟು, ಒಂದು ಕೋಟು ತಂದು ಕೊಟ್ಟು, “ಅಕ್ಕಾ, ಹೊಲಿಗೆ ನಿಧಾನಕ್ಕೆ ಆಗ್ಲಿ, ಮೊದಲು ನಮ್ಮ ಮಂಚ,” ಎಂದು ಕೈ ಹಿಡಿದು ಎಳೆದುಕೊಂಡು ಹೋದರು.

ವಿಶ್ರಾಂತಿ ಕೊಠಡಿ ತೆರೆದ ಮರುದಿನ ಮಧ್ಯಾಹ್ನ, ಎರಡೂಕಾಲರ ಬಸ್ಸು ಎರಡೂಕಾಲಿಗೆ ಹೊರಡಲಿಲ್ಲ. ಟೈಮ್‌ಕೀಪರ್ ಗಡಿಯಾರ ನೋಡಿದರು, ಸೀಟಿ ಊದಿದರು, ಓಡಿದರು. ಎರಡೂವರೆಗೆ ಮ್ಯಾನೇಜರ್ ಕೋಣೆಗೆ ನುಗ್ಗಿದರು. ಚೀಟಪ್ಪ ಅಲ್ಲಿ ಯಾವುದೋ ಕೊಡೆಯ ದಾಖಲೆಗೆ ರುಜು ಹಾಕಿಸಿಕೊಳ್ಳುತ್ತಿದ್ದರು.

“ಸಾರ್, ಡ್ರೈವರ್ ಏಳ್ತಾ ಇಲ್ಲ! ತಿಗಣೆ ಇದ್ದಾಗ ಒಂದು ದಿನಾನೂ ಹೀಗಾಗಿರ್ಲಿಲ್ಲ!”

ಮೂವರೂ ವಿಶ್ರಾಂತಿ ಕೊಠಡಿಯ ಬಾಗಿಲಿಗೆ ಹೋದರು. ಇಪ್ಪತ್ತು ಮಂಚ, ಇಪ್ಪತ್ತು ಮನುಷ್ಯರು. ಒಬ್ಬರು ಬೋರಲು, ಒಬ್ಬರು ಅಂಗಾತ, ಒಬ್ಬರು ದಿಂಬನ್ನು ತಬ್ಬಿಕೊಂಡು. ಹಿರಿಯ ಡ್ರೈವರ್ ಬಾಯಿ ತೆರೆದು ಮಲಗಿದ್ದರು. ಉಸಿರು ಬಂದಾಗಲೆಲ್ಲ ನರೆತ ಮೀಸೆ ಅಲುಗುತ್ತಿತ್ತು. ಮ್ಯಾನೇಜರ್ ಗದರಿಸಲು ಬಾಯಿ ತೆರೆದವರು ಸದ್ದಿಲ್ಲದೆ ಮುಚ್ಚಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದರು. ತಾವೇ ಬಸ್ಸಿನ ಹತ್ತಿರ ಹೋಗಿ ಪ್ರಯಾಣಿಕರಿಗೆ ಹೇಳಿದರು: “ಹತ್ತು ನಿಮಿಷ ತಡೀರಿ. ನಿಮ್ಮ ಡ್ರೈವರ್ ನಿದ್ದೆ ಮುಗಿಸಿ ಬರ್ತಾರೆ.”

“ಮುಗಿಸ್ಲಿ, ಮುಗಿಸ್ಲಿ!” ಎಂದರು ಮುಂದಿನ ಸೀಟಿನ ಹೆಂಗಸು. “ಇಲ್ಲಿ ಮುಗಿಸಿ ಬರೋದೇ ವಾಸಿ.”

ಎರಡೂಮುಕ್ಕಾಲಿಗೆ ಹಿರಿಯ ಡ್ರೈವರ್ ಮುಖ ತೊಳೆದು, ಮೀಸೆ ತಿದ್ದಿಕೊಂಡು, ನಾಚುತ್ತ ಬಂದು ಸೀಟು ಹತ್ತಿದರು. ಬಸ್ಸು ಹೊರಟಿತು. ಟೈಮ್‌ಕೀಪರ್ ರಿಜಿಸ್ಟರ್ ಬಿಡಿಸಿಕೊಂಡು ಪೆನ್ನು ಹಿಡಿದು ಕೂತರು. ‘ವಿಳಂಬಕ್ಕೆ ಕಾರಣ’ ಎಂಬ ಕಾಲಮ್ಮು ಅವರನ್ನೇ ನೋಡುತ್ತಿತ್ತು. ಪಂಕ್ಚರ್ ಅಲ್ಲ, ಬ್ರೇಕ್ ಅಲ್ಲ, ಮಳೆಯಲ್ಲ. ನಿದ್ದೆ ಎಂದು ಬರೆದರೆ ಡ್ರೈವರಿಗೆ ನೋಟಿಸ್.

“ಏನು ಬರೀಲಿ ಸಾರ್?”

ದಾಖಲೆಯ ಭಾಷೆಯಲ್ಲಿ ಡಿಪೋಗೆಲ್ಲ ಒಬ್ಬರೇ ಪಂಡಿತರು. ಚೀಟಪ್ಪ ಪೆನ್ನು ಇಸಿದುಕೊಂಡು ಮುತ್ತಿನಂಥ ಅಕ್ಷರದಲ್ಲಿ ಬರೆದರು:

‘ತಿಗಣೆಗಳ ಅಭಾವ.’

ಮ್ಯಾನೇಜರ್ ಅದನ್ನು ಎರಡು ಸಲ ಓದಿ, ಕೆಳಗೆ ರುಜು ಹಾಕಿದರು.